ವಿಶ್ವನಾಥರ 97 ಮತ್ತು ನಿಮ್ಮ ಸರಾಸರಿ



‘ನಮ್ಮ ಹುಡುಗ ಓದಿನಲ್ಲಿ ಆವರೇಜ್’ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಕೇಳಿ ಸ್ವಲ್ಪ ನೊಂದಿರಲೂಬಹುದು. ಈ ಆವರೇಜ್, ಅಂದರೆ ಸರಾಸರಿ, ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಸ್ವಲ್ಪ ನೋಡೋಣ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ಗಣಿತದಲ್ಲಿ ಪಂಡಿತಳಲ್ಲ. ಆದರೆ ತಿಂಗಳು ತಿಂಗಳು ಮನೆಯ ಜಮಾಖರ್ಚು ಬರೆಯುವ ಗೃಹಿಣಿಗೆ ಸರಾಸರಿ ಹೊಸದೇನಲ್ಲ.

ಮೂವರು ಮಕ್ಕಳ ಬಳಿ 2, 3 ಮತ್ತು 7 ಬಾಳೆಹಣ್ಣುಗಳಿವೆ ಎನ್ನಿ. ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟರೆ 12. ಸಮನಾಗಿ ಹಂಚಿದರೆ ತಲೆಗೆ 4. ಇಷ್ಟೇ ಸರಾಸರಿ: ಕೂಡಿಸುವುದು, ಎಷ್ಟು ಮಂದಿಯೋ ಅಷ್ಟರಿಂದ ಭಾಗಿಸುವುದು. ಆದರೆ ಹಂಚುವ ಮೊದಲು ಯಾರ ಕೈಯಲ್ಲೂ 4 ಹಣ್ಣು ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಈಗ ನಿಮಗೆ ಪ್ರಿಯವಾದ ಕ್ರಿಕೆಟ್ಟಿಗೆ ಬರೋಣ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಹೆಸರನ್ನು ಮನೆಯ ಹಿರಿಯರಿಂದ ಕೇಳಿರಬಹುದು. 1974-75ರಲ್ಲಿ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ, ಐದು ಟೆಸ್ಟ್‌ಗಳಲ್ಲಿ ಅವರು ಗಳಿಸಿದ ರನ್ನುಗಳು ಹೀಗಿವೆ: 29, 22, 32, 39, 52, 139, ಔಟಾಗದೆ 97, 46, 95, 17. ಕಾಗದ ಪೆನ್ಸಿಲ್ ತೆಗೆದುಕೊಂಡು ಕೂಡಿಸಿ ನೋಡಿ, 568 ಬರುತ್ತದೆ. ಹತ್ತು ಇನಿಂಗ್ಸ್‌ಗೆ ಭಾಗಿಸಿದರೆ 56.8. ಆದರೆ ದಾಖಲೆ ಪುಸ್ತಕದಲ್ಲಿ ಇರುವುದು 63.11! ತಪ್ಪು ಯಾರದು?

ಯಾರದೂ ಅಲ್ಲ. ಕ್ರಿಕೆಟ್ಟಿನಲ್ಲಿ ಭಾಗಿಸುವುದು ಆಡಿದ ಇನಿಂಗ್ಸ್‌ನಿಂದಲ್ಲ, ಔಟಾದ ಸಲದಿಂದ. ಅವರು ಒಂಬತ್ತು ಸಲ ಮಾತ್ರ ಔಟಾಗಿದ್ದರು. ಕೂಡಿಸುವ ಸಂಖ್ಯೆಗಳು ಅವೇ ಆದರೂ ಭಾಜಕ ಬದಲಾದರೆ ಉತ್ತರವೂ ಬದಲಾಗುತ್ತದೆ.

ಔಟಾಗದ ಆ 97 ನಮ್ಮ ಊರಿನದೇ. 1975ರ ಜನವರಿ, ಪೊಂಗಲ್ ಹಬ್ಬದ ಆಸುಪಾಸು, ಚೆಪಾಕ್ ಮೈದಾನ. ಆಂಡಿ ರಾಬರ್ಟ್ಸ್ ಬೆಂಕಿಯಂಥ ವೇಗದಲ್ಲಿ ಬೌಲ್ ಮಾಡಿ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ 97 ವಿಶ್ವನಾಥರದು. ಉಳಿದ ಹತ್ತು ಮಂದಿಯ ರನ್ನು, ಇತರೆ ರನ್ನು ಎಲ್ಲ ಸೇರಿ 93. ಶತಕಕ್ಕೆ ಮೂರು ರನ್ ಬಾಕಿ ಇರುವಾಗ ಜೊತೆಗಾರರು ಮುಗಿದುಹೋದರು. ಕೊನೆಗೆ ಭಾರತ 100 ರನ್ನುಗಳಿಂದ ಗೆದ್ದಿತು.

ಆ ಒಂದು ಪಂದ್ಯದ ಸರಾಸರಿ ತೆಗೆಯಿರಿ: 97 ಮತ್ತು 46 ಸೇರಿ 143, ಔಟಾದದ್ದು ಒಂದೇ ಸಲ, ಆದ್ದರಿಂದ 143! ಅಷ್ಟು ರನ್ನನ್ನು ಅವರು ಯಾವ ಇನಿಂಗ್ಸ್‌ನಲ್ಲೂ ಹೊಡೆದಿರಲಿಲ್ಲ. ಇನ್ನು ಅವರ 91 ಟೆಸ್ಟ್‌ಗಳ ಸರಾಸರಿ 41.93. ಇದಕ್ಕಿಂತ ಹೆಚ್ಚಿನ ಸರಾಸರಿಯವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಚೆಪಾಕಿನ ಆ ದಿನ ಈ 41.93ರೊಳಗೆ ಎಲ್ಲಿ ಕಾಣುತ್ತದೆ, ಹೇಳಿ?

ಆ ಹತ್ತು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಡುವೆ ಸಿಗುವುದು 39 ಮತ್ತು 46. ಅವೆರಡರ ನಡುವಿನ 42.5 ಅನ್ನು ಮಧ್ಯಾಂಕ ಎನ್ನುತ್ತಾರೆ. ಒಂದು 139, ಎರಡು ತೊಂಬತ್ತರ ಮೇಲಿನ ಆಟಗಳು ಸರಾಸರಿಯನ್ನು ಮೇಲಕ್ಕೆಳೆದಿವೆ ಎಂದು ಇದರಿಂದ ತಿಳಿಯುತ್ತದೆ.

ನಿಮ್ಮ ಅಂಕಪಟ್ಟಿಯೂ ಹೀಗೆಯೇ. ಒಬ್ಬಳಿಗೆ ಐದು ವಿಷಯಗಳಲ್ಲೂ 70. ಇನ್ನೊಬ್ಬನಿಗೆ 95, 90, 85, 50, 30. ಇಬ್ಬರ ಸರಾಸರಿಯೂ 70. ಆದರೆ 35 ಬಂದರೆ ಪಾಸು ಎನ್ನುವ ಪರೀಕ್ಷೆಯಲ್ಲಿ ಅವನು ಒಂದು ವಿಷಯದಲ್ಲಿ ಫೇಲು, ಮೂರರಲ್ಲಿ ಅವಳಿಗಿಂತ ಮುಂದು. ಇಬ್ಬರಿಗೂ ಬೇಕಾದ ಸಹಾಯ ಒಂದೇ ಅಲ್ಲ.

ಅಂಕ, ಆಟ ಹಾಗಿರಲಿ, ಕುಡಿಯುವ ನೀರಿನ ವಿಷಯದಲ್ಲಿ ಸರಾಸರಿಯನ್ನೇ ನಂಬಿ ಕೂತರೆ ಗತಿಯೇನು? ಚೆನ್ನೈಗೆ ವರ್ಷಕ್ಕೆ ಸರಾಸರಿ ಸುಮಾರು 140 ಸೆಂ.ಮೀ. ಮಳೆ. ಓದಿದರೆ ನೆಮ್ಮದಿಯಾಗುತ್ತದೆ. ಆದರೆ 2015ರ ಡಿಸೆಂಬರ್ ಮೊದಲ ದಿನ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂ.ಮೀ. ಸುರಿದು ಊರು ಮುಳುಗಿತು. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಸುರಿದ ವರ್ಷದ ನೀರನ್ನು ಕೆರೆಯಲ್ಲಿ, ನೆಲದಲ್ಲಿ ಹಿಡಿದಿಟ್ಟರೆ ಮಾತ್ರ ಅದು ಒಣ ವರ್ಷಕ್ಕೆ ಒದಗುತ್ತದೆ. ಕಾಗದದ ಮೇಲಿನ ಸರಾಸರಿ ಯಾರ ಬಿಂದಿಗೆಯನ್ನೂ ತುಂಬುವುದಿಲ್ಲ.

ಆದ್ದರಿಂದ ಮಿತ್ರರೇ, ಸರಾಸರಿಯನ್ನು ತಿರಸ್ಕರಿಸಬೇಡಿ, ಅದರ ಮುಂದೆ ತಲೆ ತಗ್ಗಿಸಲೂ ಬೇಡಿ. ಯಾರಾದರೂ ಒಂದು ಸರಾಸರಿ ಹೇಳಿದರೆ ಮೂರು ಪ್ರಶ್ನೆ ಕೇಳಿ: ಏನೇನು ಕೂಡಿಸಿದಿರಿ? ಎಷ್ಟರಿಂದ ಭಾಗಿಸಿದಿರಿ? ಅತಿ ಚಿಕ್ಕದು ಯಾವುದು, ಅತಿ ದೊಡ್ಡದು ಯಾವುದು? ಉತ್ತರ ಸಿಕ್ಕ ಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಅದು ನಿಮ್ಮನ್ನು ಕುರಿತ ಸರಾಸರಿಯಾದರಂತೂ ಕೇಳದೆ ಬಿಡಬೇಡಿ.