ಲಟಕ್ ಎನ್ನುವುದಕ್ಕೂ ಮೊದಲು

ಮೊಬೈಲ್‌ನಲ್ಲಿ ಕೈರೋಪ್ರಾಕ್ಟಿಕ್ ವಿಡಿಯೊ, ಅಂದರೆ ಬೆನ್ನು ಮತ್ತು ಕೀಲುಗಳಿಗೆ ಕೈಯಿಂದಲೇ ಕೊಡುವ ಚಿಕಿತ್ಸೆಯ ವಿಡಿಯೊ, ನೋಡಿದವರ ನೆನಪಿನಲ್ಲಿ ಉಳಿಯುವುದು ಒಂದು ಸದ್ದು. ಮೇಜಿನ ಮೇಲೆ ಮಲಗಿದವನ ಕುತ್ತಿಗೆ ಸರಕ್ಕನೆ ತಿರುಗುತ್ತದೆ, ಲಟಕ್ ಅನ್ನುತ್ತದೆ, ಆತ ಹಾಯೆನಿಸಿ ನಗುತ್ತಾನೆ. ಮೂಳೆ ಜರುಗಿತ್ತು, ಕೂರಿಸಿದರು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ನಡೆದದ್ದು ಅದಲ್ಲ. ಕೀಲಿನ ಚೀಲದೊಳಗೆ ಚೂರು ದ್ರವ ಇರುತ್ತದೆ. ಕೀಲಿನ ಎರಡು ಮೈಗಳು ಥಟ್ಟನೆ ದೂರವಾದಾಗ ಒಳಗಿನ ಒತ್ತಡ ಕುಸಿದು ದ್ರವದಲ್ಲಿ ಅನಿಲದ ಗುಳ್ಳೆ ಏಳುತ್ತದೆ. ಬೆರಳಿನ ನೆಟಿಗೆ ಮುರಿದಾಗ ಕೇಳುವುದೂ ಇದೇ ಸದ್ದು. ಗುಳ್ಳೆ ಒಡೆಯುವಾಗ ಸದ್ದಾಗುತ್ತದೆ ಎಂದು 1971ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹೇಳಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆದು ನೋಡಿ, ಇಲ್ಲ, ಗುಳ್ಳೆ ಹುಟ್ಟುವಾಗಲೇ ಸದ್ದು ಎಂದಿತು. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರಂತೂ ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಯೇ ಎಂದು ನೋಡಲು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನೆಟಿಗೆ ಮಾತ್ರ ಮುರಿದು ಬಲಗೈಯನ್ನು ಬಿಟ್ಟಿದ್ದರು. ಎರಡೂ ಕೈಗಳಲ್ಲಿ ಸಂಧಿವಾತ ಕಾಣಲಿಲ್ಲ. ಅವರಿಗೆ 2009ರ ಇಗ್ ನೊಬೆಲ್, ಅಂದರೆ ತಮಾಷೆಯೆನಿಸುವ ಸಂಶೋಧನೆಗೆ ಕೊಡುವ ಬಹುಮಾನ, ಸಿಕ್ಕಿತು. ನೆಟಿಗೆ ಮುರಿಯಬೇಡ ಎಂದು ಗದರುವ ಅಮ್ಮಂದಿರು ಅಲ್ಲೂ ಇದ್ದರಂತೆ.

ಈ ಲಟಕ್ ಸದ್ದು ತರಿಸುವುದು ಕೈರೋಪ್ರಾಕ್ಟಿಕ್ ಕಲಿಕೆಯ ಒಂದು ಮೂಲೆ ಮಾತ್ರ. ಅದಕ್ಕೂ ಮೊದಲು ವಿದ್ಯಾರ್ಥಿ ಎರಡು ಕೆಲಸಗಳಲ್ಲಿ ಕೈ ಪಳಗಿಸಿಕೊಳ್ಳಬೇಕು. ಒಂದು, ಸ್ನಾಯು ಮತ್ತು ಅದರ ಸುತ್ತಲಿನ ಮೃದು ಅಂಗಾಂಶದ ಮೇಲೆ ಕೆಲಸ ಮಾಡುವುದು. ಇನ್ನೊಂದು, ಬಿಗಿದ ಕೀಲನ್ನು ಮೆಲ್ಲಗೆ, ಲಯವಾಗಿ ಆಡಿಸುವುದು. ಎರಡನೆಯದನ್ನು ಮೊಬಿಲೈಸೇಶನ್ ಎನ್ನುತ್ತಾರೆ.

ಕೈರೋಪ್ರಾಕ್ಟಿಕ್ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಊರಿನಲ್ಲಿ. ಅಲ್ಲಿನ ಡಿ.ಡಿ. ಪಾಮರ್, ಹಾರ್ವಿ ಲಿಲ್ಲರ್ಡ್ ಎಂಬವನ ಬೆನ್ನುಮೂಳೆಯ ಮಣಿಯೊಂದನ್ನು ಒತ್ತಿ ಅವನ ಕಿವುಡು ವಾಸಿ ಮಾಡಿದೆನೆಂದು ಹೇಳಿಕೊಂಡ. ಕಿವಿಯ ನರ ಬೆನ್ನಿನಲ್ಲಿ ಹಾದು ಹೋಗುವುದಿಲ್ಲವಾದ್ದರಿಂದ ಈ ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಈ ವಿದ್ಯೆ ಕಲಿಸಲು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ 1965ರಲ್ಲಿ ಆಂಗ್ಲೊ-ಯುರೋಪಿಯನ್ ಕೈರೋಪ್ರಾಕ್ಟಿಕ್ ಕಾಲೇಜು ಶುರುವಾಯಿತು. ಈಗ ಅದರ ಹೆಸರು ಹೆಲ್ತ್ ಸೈನ್ಸಸ್ ಯೂನಿವರ್ಸಿಟಿ. ಬ್ರಿಟನ್‌ನಲ್ಲಿ 1994ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಕೈರೋಪ್ರಾಕ್ಟರ್ ಎಂದು ಬೋರ್ಡು ಹಾಕಿಕೊಂಡರೆ ಅದು ಅಪರಾಧ.

ಕಲಿಕೆ ಆರಂಭವಾಗುವುದು ಬೆರಳಿನ ತುದಿಯಿಂದ. ಹಳೆಯ ಅಭ್ಯಾಸವೊಂದಿದೆ: ಟೆಲಿಫೋನ್ ಡೈರೆಕ್ಟರಿಯ ಹಾಳೆಯ ಕೆಳಗೆ ಒಂದು ಕೂದಲೆಳೆ ಇಟ್ಟು, ಕಣ್ಣು ಮುಚ್ಚಿ, ಮೇಲಿನಿಂದ ಸವರಿ ಅದನ್ನು ಹುಡುಕುವುದು. ಸಿಕ್ಕಿತೆಂದರೆ ಇನ್ನೊಂದು ಹಾಳೆ, ಮತ್ತೊಂದು ಹಾಳೆ. ಒತ್ತಿದಷ್ಟೂ ಕೂದಲು ಮಾಯವಾಗುತ್ತದೆ, ಕೈ ಹಗುರಾದಷ್ಟೂ ಸಿಗುತ್ತದೆ. ಆಮೇಲೆ ಸಹಪಾಠಿಗಳ ಮೈಯೇ ಪಠ್ಯಪುಸ್ತಕ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವುದು ಸಾಮಾನ್ಯವಾಗಿ ಕುತ್ತಿಗೆಯ ಏಳನೆಯ ಮಣಿ. ಸೊಂಟದ ಎರಡೂ ಬದಿಯ ಮೂಳೆಯಂಚಿಗೆ ಅಂಗೈ ಇಟ್ಟು ಹೆಬ್ಬೆರಳುಗಳನ್ನು ನಡುವಿಗೆ ತಂದರೆ ಅವು ಸೇರುವುದು ಹೆಚ್ಚುಕಡಿಮೆ ಸೊಂಟದ ನಾಲ್ಕನೆಯ ಮಣಿಯ ಮಟ್ಟದಲ್ಲಿ. ಉಗುರು ಕತ್ತರಿಸಿರಬೇಕು, ಕೈ ಬೆಚ್ಚಗಿರಬೇಕು, ಮುಟ್ಟುವ ಮೊದಲು ಎಲ್ಲಿ, ಯಾಕೆ ಮುಟ್ಟುತ್ತೇನೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೇಳುವುದಕ್ಕೂ ಪರೀಕ್ಷೆಯಲ್ಲಿ ಅಂಕವಿದೆ.

ಮೃದು ಅಂಗಾಂಶದ ಕೆಲಸದಲ್ಲಿ ನಮಗೆ ಗೊತ್ತಿರುವ ಕೈಚಳಕಗಳೇ ಬಹಳ: ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು. ಇದಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ವಿಧಾನಗಳು ಸೇರಿದವು. ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ನೋಯುವ ಅಂಗಾಂಶದ ಎಳೆಗಳಿಗೆ ಅಡ್ಡಡ್ಡವಾಗಿ, ಆಳವಾಗಿ ಉಜ್ಜುವ ಕ್ರಮ ತಂದರು. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಸ್ನಾಯುವಿನೊಳಗಿನ ಟ್ರಿಗರ್ ಪಾಯಿಂಟ್‌ಗಳ, ಅಂದರೆ ಒತ್ತಿದರೆ ಬೇರೆಡೆಯೂ ನೋವೆಬ್ಬಿಸುವ ಜಾಗಗಳ, ನಕ್ಷೆ ಮಾಡಿದರು. ಹೆಗಲಿನ ಮೇಲಂಚಿನ ಸ್ನಾಯುವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಹಿಡಿದು ಹೊರಳಿಸಿದರೆ ಕೆಲವರಲ್ಲಿ ಬಿಗಿದ ಎಳೆಯೊಂದು ಸಿಗುತ್ತದೆ. ಅದನ್ನು ಒತ್ತಿದರೆ ನೋವು ಹೆಗಲಲ್ಲಷ್ಟೇ ಅಲ್ಲ, ಕಣತಲೆಯಲ್ಲೂ ಏಳಬಹುದು. ವಿದ್ಯಾರ್ಥಿ ಆ ಒತ್ತಡವನ್ನು ಹಾಗೇ ಹಿಡಿದು, ನೋವು ಇಳಿಯಿತೇ ಎಂದು ಕೇಳುತ್ತ ಕಾಯುತ್ತಾನೆ. ಬಲ ಹೆಚ್ಚಿಸುವ ಆಸೆಯನ್ನು ಇಲ್ಲಿ ತಡೆಯಬೇಕು. ಇನ್ನೊಂದು ವಿಧಾನದಲ್ಲಿ ರೋಗಿಯೇ ದುಡಿಯುತ್ತಾನೆ: ಚಿಕಿತ್ಸಕನ ಕೈಗೆ ಎದುರಾಗಿ ಹಗುರವಾಗಿ ಕೆಲವು ಸೆಕೆಂಡು ತಳ್ಳಿ, ಉಸಿರು ಬಿಟ್ಟು ಸಡಿಲವಾದಾಗ ಸ್ನಾಯು ಇನ್ನಷ್ಟು ಹಿಗ್ಗಲು ಒಪ್ಪುತ್ತದೆ. ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್ ಇದನ್ನು ಬೆಳೆಸಿದರು.

ಹೊಸಬರು ಮೊದಲು ಕೆಡಿಸಿಕೊಳ್ಳುವುದು ತಮ್ಮ ಹೆಬ್ಬೆರಳನ್ನೇ. ತೋಳಿನ ಬಲದಿಂದ ಒತ್ತುವವರ ಹೆಬ್ಬೆರಳಿನ ಬುಡ ಬೇಗ ನೋಯುತ್ತದೆ. ಅದಕ್ಕೇ ಮೇಜನ್ನು ತಗ್ಗಿಸಿ, ಮೊಣಕೈ ನೇರವಿಟ್ಟು, ಮೈಯ ಭಾರವನ್ನು ಬಿಡುವುದನ್ನು ಕಲಿಸುತ್ತಾರೆ.

ಕೀಲು ಆಡಿಸುವ ವಿದ್ಯೆಗೆ ಲೆಕ್ಕಾಚಾರ ತಂದವರು ಕೈರೋಪ್ರಾಕ್ಟರ್ ಅಲ್ಲ, ಆಸ್ಟ್ರೇಲಿಯಾದ ಅಡಿಲೇಡ್‌ನ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್ಲೆಂಡ್. ಬೆನ್ನುಮೂಳೆಯ ಚಿಕಿತ್ಸೆಯ ಬಗ್ಗೆ ಅವರ ಪುಸ್ತಕ 1964ರಲ್ಲಿ ಬಂತು. ಅವರ ಕ್ರಮದಲ್ಲಿ ಕೀಲು ಆಡಿಸುವುದಕ್ಕೆ ನಾಲ್ಕು ದರ್ಜೆಗಳಿವೆ. ಒಂದನೆಯದರಲ್ಲಿ ಚಲನೆಯ ಆರಂಭದಲ್ಲಿ ತೀರ ಸಣ್ಣ ಅಲುಗಾಟ. ಎರಡನೆಯದು ದೊಡ್ಡ ಅಲುಗಾಟ, ಆದರೆ ಬಿಗಿತ ತಾಗದಷ್ಟು. ಮೂರನೆಯದು ದೊಡ್ಡದೇ, ಬಿಗಿತದೊಳಕ್ಕೆ ಹೋಗುತ್ತದೆ. ನಾಲ್ಕನೆಯದು ಚಲನೆಯ ಕೊನೆಯಂಚಿನಲ್ಲಿ ಸಣ್ಣದಾಗಿ. ನೋವು ಜೋರಾಗಿದ್ದರೆ ಮೊದಲ ಎರಡು, ಬಿಗಿತವೇ ಮುಖ್ಯವಾದರೆ ಕಡೆಯ ಎರಡು.

ಕೇಳಲು ಸುಲಭ. ಮಾಡುವಾಗ ಹೀಗೆ: ಬೋರಲು ಮಲಗಿದವನ ಸೊಂಟದ ಮಣಿಯ ಮೊನೆಯ ಮೇಲೆ ಅಂಗೈಯ ಕಿರುಬೆರಳ ಕಡೆಯ ಬುಡ ಊರಿ, ಚರ್ಮದ ಸಡಿಲವನ್ನು ಮೊದಲು ತೆಗೆದು, ಮೆಲ್ಲಗೆ ಕೆಳಕ್ಕೆ ಬಾಗಬೇಕು. ಒಂದು ಹಂತದವರೆಗೆ ಮಣಿ ಸಲೀಸಾಗಿ ಇಳಿಯುತ್ತದೆ. ಆಮೇಲೆ ತಡೆ ಸಿಗುತ್ತದೆ. ಒಳ್ಳೆಯ ಕೀಲಿನ ತಡೆ ಹದವಾದ ಚರ್ಮದ ಪಟ್ಟಿಯನ್ನು ಎಳೆದಂತೆ ಕೊಂಚ ಜಗ್ಗುತ್ತದೆ. ಸ್ನಾಯು ಸೆಟೆದಿದ್ದರೆ ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಆ ತಡೆಯ ಹೊಸ್ತಿಲಲ್ಲಿ ನಿಂತು ಸೆಕೆಂಡಿಗೆ ಸುಮಾರು ಎರಡು ಸಲ ತೂಗುವುದೇ ಕೆಲಸ. ಈ ನಾಲ್ಕರಾಚೆ ಐದನೆಯ ದರ್ಜೆ ಎನಿಸಿಕೊಂಡ, ಲಟಕ್ ಅನ್ನಿಸುವ ಹೊಡೆತ ಸೆಕೆಂಡಿನ ಐದನೆಯ ಒಂದು ಭಾಗದೊಳಗೆ ಮುಗಿದುಹೋಗುತ್ತದೆ, ರೋಗಿ ಬೇಡ ಅನ್ನುವಷ್ಟು ಸಮಯವಿಲ್ಲ. ತೂಗುವಾಗ ಸಾಕು ಎಂದರೆ ಅಲ್ಲಿಗೆ ನಿಲ್ಲಿಸಬಹುದು. ಟೊರಾಂಟೊದ ಕೆನೇಡಿಯನ್ ಮೆಮೋರಿಯಲ್ ಕೈರೋಪ್ರಾಕ್ಟಿಕ್ ಕಾಲೇಜಿನಲ್ಲಿ ಬಲ ಅಳೆಯುವ ಮೇಜುಗಳಿವೆ. ವಿದ್ಯಾರ್ಥಿ ಎಷ್ಟು ಒತ್ತಿದ, ಎಷ್ಟು ಬೇಗ ಒತ್ತಿದ ಎಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ.

ಇಷ್ಟಾದರೂ ಬೆರಳು ಹೇಳಿದ್ದೆಲ್ಲ ನಿಜವಲ್ಲ. ಯಾವ ಮಣಿ ಬಿಗಿದಿದೆ ಎಂದು ಇಬ್ಬರು ಅನುಭವಿಗಳನ್ನು ಕೇಳಿದರೆ ಇಬ್ಬರ ಉತ್ತರ ಹೊಂದುವುದು ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಎಲ್ಲಿ ಒತ್ತಿದರೆ ನೋಯುತ್ತದೆ ಎಂಬ ಬಗ್ಗೆ ಒಮ್ಮತ ಇದಕ್ಕಿಂತ ಹೆಚ್ಚು. ಆದ್ದರಿಂದ ರೋಗಿಯ ಮಾತು ಬೆರಳಿಗಿಂತ ದೊಡ್ಡ ಸಾಕ್ಷಿ. ಜರುಗಿದ ಮೂಳೆ, ಒಡೆದ ಗಂಟು ಎಂಬ ಹಳೆಯ ವಿವರಣೆಗಳೂ ಈಗ ಸಡಿಲಗೊಂಡಿವೆ. ಮುಟ್ಟುವುದರಿಂದ ಬರುವ ಆರಾಮದಲ್ಲಿ ನರಮಂಡಲ ನೋವನ್ನು ತಗ್ಗಿಸುವುದರ ಪಾಲೇ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ, ಆ ಆರಾಮವೂ ಬಹಳ ಸಲ ಅಲ್ಪಕಾಲದ್ದು. ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಸೊಂಟನೋವಿಗೆ ಕೈಚಿಕಿತ್ಸೆ ಕೊಡಬಹುದು ಎನ್ನುತ್ತದೆ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ಬರೀ ಉಜ್ಜಿಸಿಕೊಂಡು ಮನೆಗೆ ಬಂದು ಮಲಗುವ ಚಿಕಿತ್ಸೆಯನ್ನು ಅದು ಒಪ್ಪುವುದಿಲ್ಲ.

ಕರ್ನಾಟಕದಲ್ಲಿ ಮೇಟ್ಲೆಂಡ್ ದರ್ಜೆಗಳನ್ನು ಕಲಿಯುವವರು ಫಿಸಿಯೋಥೆರಪಿ ವಿದ್ಯಾರ್ಥಿಗಳು. ಕೈರೋಪ್ರಾಕ್ಟಿಕ್‌ಗೆ ಬ್ರಿಟನ್‌ನಲ್ಲಿರುವಂಥ ಪ್ರತ್ಯೇಕ ಶಾಸನಬದ್ಧ ಮಂಡಳಿ ನಮ್ಮಲ್ಲಿಲ್ಲ, ಹಾಗಾಗಿ ಬೋರ್ಡು ಹಾಕಿಕೊಂಡವರು ಎಲ್ಲಿ, ಎಷ್ಟು ವರ್ಷ ಓದಿದ್ದಾರೆಂದು ನಾವೇ ಕೇಳಬೇಕು. ಕ್ಷೌರದಂಗಡಿಯಲ್ಲಿ ತಲೆ ನೀವಿಸಿಕೊಳ್ಳಿ, ಕುತ್ತಿಗೆ ಮಾತ್ರ ತಿರುಚಿಸಿಕೊಳ್ಳಬೇಡಿ. ಹಾಗೆ ತಿರುಚಿಸಿಕೊಂಡ ಬಳ್ಳಾರಿಯ ಯುವಕನೊಬ್ಬನ ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಯಾರಿಂದಲೂ ನೀವಿಸಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸೊಂಟನೋವಿನ ಜೊತೆ ತೊಡೆಗಳ ನಡುವೆ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಕೈಚಿಕಿತ್ಸೆಯ ಮಾತೇ ಬೇಡ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.