‘ಜಾಬ್’ ಎಂಬ ಪುಟ್ಟ ಪದಕ್ಕೆ ಎಷ್ಟು ಅರ್ಥ?

ಇಂಗ್ಲಿಷಿನಲ್ಲಿ ಮೂರು ಅಕ್ಷರ, ಕನ್ನಡದಲ್ಲಿ ಬರೆದರೆ ಎರಡೇ ಅಕ್ಷರ. ಆದರೂ ‘ಜಾಬ್’ ಎಂಬ ಪದಕ್ಕೆ ಬೆಂಗಳೂರಿನ ಹೊರವಲಯದಲ್ಲಿರುವ ಅರ್ಥಗಳು ಒಂದೆರಡಲ್ಲ. ವೈಟ್‌ಫೀಲ್ಡ್‌ನ ಕಚೇರಿಯಲ್ಲಿ ಕೇಳಿಬರುವ ಜಾಬ್ ಬೇರೆ, ಪೀಣ್ಯದ ಕಾರ್ಖಾನೆಯಲ್ಲಿ ಕೇಳಿಬರುವ ಜಾಬ್ ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ನಗೆಪಾಟಲಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಕೈಗೂ ಕಾಸಿಗೂ ಪೆಟ್ಟು ಬೀಳಬಹುದು.

ಹುಟ್ಟಿದ್ದು ಹೇಗೆ?

ಈ ಪದ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಂಡದ್ದು 16ನೇ ಶತಮಾನದಲ್ಲಿ. ಆಗ ಅದರ ಅರ್ಥ ‘ಕೆಲಸದ ಒಂದು ತುಂಡು’ ಎಂದಷ್ಟೇ. ಮುದ್ದೆ ಅಥವಾ ಗಡ್ಡೆ ಎಂಬ ಅರ್ಥದ ಹಳೆಯ ಪದವೊಂದರಿಂದ ಇದು ಬಂದಿರಬಹುದೆಂಬ ಊಹೆಯಿದೆ. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಕೀಳು ಮಾತುಗಳ ಸಾಲಿಗೆ ಸೇರಿಸಿ, ಆಗೊಮ್ಮೆ ಈಗೊಮ್ಮೆ ಸಿಗುವ ಚಿಲ್ಲರೆ ಕೆಲಸವೆಂದು ಅರ್ಥ ಕೊಟ್ಟರು. ತಿಂಗಳ ಸಂಬಳ, ರಜೆ, ಭವಿಷ್ಯನಿಧಿಗಳೊಂದಿಗೆ ನಾವಿಂದು ಕಲ್ಪಿಸಿಕೊಳ್ಳುವ ಕಾಯಂ ನೌಕರಿಯ ಅರ್ಥ ಈ ಪದಕ್ಕೆ ಅಂಟಿಕೊಂಡದ್ದು ಬಹಳ ಕಾಲದ ನಂತರ.

ಪೀಣ್ಯದ ಜಾಬ್

1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪದದ ಆ ಹಳೆಯ ಅರ್ಥವೇ ಇಂದಿಗೂ ಜೀವಂತವಾಗಿದೆ. ಅಲ್ಲಿನ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತವನಿಗೆ ಜಾಬ್ ಎಂದರೆ ಯಂತ್ರಕ್ಕೆ ಬಿಗಿದಿರುವ ಲೋಹದ ತುಂಡು. ‘ಜಾಬ್ ಬಿಚ್ಚು’, ‘ಜಾಬ್ ರಿಜೆಕ್ಟ್ ಆಯಿತು’ ಎಂಬ ಮಾತುಗಳಲ್ಲಿ ಯಾರ ನೌಕರಿಯೂ ಹೋಗಿರುವುದಿಲ್ಲ. ಆ ತುಂಡಿನೊಡನೆ ಯಂತ್ರದಿಂದ ಯಂತ್ರಕ್ಕೆ ಸಾಗುತ್ತ, ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಎಂದು ತಿಳಿಸುವ ಚೀಟಿಯೇ ಜಾಬ್ ಕಾರ್ಡ್. 2005ರ ಉದ್ಯೋಗ ಖಾತರಿ ಕಾಯ್ದೆಯ ಮೂಲಕ ಹಳ್ಳಿಯ ಮನೆಮನೆಗೆ ತಲುಪಿದ ಜಾಬ್ ಕಾರ್ಡ್‌ಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.

‘ಜಾಬ್ ತಿರುಗುತ್ತಿರುವಾಗ ಮುಟ್ಟಬೇಡಿ, ಅಳತೆ ತೆಗೆಯಬೇಡಿ’ ಎಂಬುದು ಲೇತ್ ಕಲಿಯುವವನ ಮೊದಲ ಪಾಠಗಳಲ್ಲೊಂದು. ಇದನ್ನು ನಿಘಂಟು ನೋಡಿ ‘ಉದ್ಯೋಗ ತಿರುಗುತ್ತಿರುವಾಗ’ ಎಂದು ಅನುವಾದಿಸಿ ಗೋಡೆಗೆ ಹಚ್ಚಿದರೆ, ಓದಿದ ಹೊಸ ಕಾರ್ಮಿಕನಿಗೆ ಎಚ್ಚರಿಕೆ ತಲುಪುವುದೇ ಇಲ್ಲ. ಸುರಕ್ಷತಾ ಫಲಕದಲ್ಲಿ ಪದದ ಆಯ್ಕೆ ಭಾಷಾಪಂಡಿತರ ಚರ್ಚೆಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದೇ ನಿದರ್ಶನ.

ಕಾನೂನಿನ ಜಾಬ್ ವರ್ಕ್

ಸಣ್ಣ ಕೈಗಾರಿಕೆಗಳ ಫಲಕಗಳಲ್ಲಿ ಕಾಣುವ ‘ಜಾಬ್ ವರ್ಕ್’ ಎಂಬುದಕ್ಕೆ ಕಾನೂನಿನ ವ್ಯಾಖ್ಯೆಯೇ ಇದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಪ್ರಕಾರ, ನೋಂದಾಯಿತ ವ್ಯಕ್ತಿಯೊಬ್ಬನಿಗೆ ಸೇರಿದ ಸರಕಿನ ಮೇಲೆ ಇನ್ನೊಬ್ಬನು ಮಾಡಿಕೊಡುವ ಸಂಸ್ಕರಣೆಯೇ ಜಾಬ್ ವರ್ಕ್. ಅಂದರೆ ಲೋಹ ಕಳುಹಿಸಿದವನದು, ಕೊರೆದು ನಯಗೊಳಿಸುವ ಶ್ರಮ ಮಾತ್ರ ಇವನದು. ಹೀಗೆ ತೆರಿಗೆ ಕಟ್ಟದೆ ಕಳುಹಿಸಿದ ಕಚ್ಚಾ ಸಾಮಗ್ರಿ ಸಾಮಾನ್ಯವಾಗಿ 1 ವರ್ಷದೊಳಗೆ ಮಾಲೀಕನಿಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ವಿಲೇವಾರಿಯಾಗಬೇಕು. ತಪ್ಪಿದರೆ, ಕಳುಹಿಸಿದ ದಿನವೇ ಅದು ಪೂರೈಕೆಯಾಯಿತೆಂದು ಪರಿಗಣಿಸಿ ತೆರಿಗೆ ಲೆಕ್ಕ ಹಾಕಲಾಗುತ್ತದೆ.

ಕೂಲಿಯ ಹಣ ಸಕಾಲಕ್ಕೆ ಬಾರದಿರುವುದು ಸಣ್ಣ ಘಟಕಗಳ ಬಹುಕಾಲದ ಗೋಳು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಹಣ ಪಾವತಿಸಲು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಜಾಬ್ ಹಿಡಿದವನಿಗೆ ಈ ನಿಯಮ ತಿಳಿದಿರುವುದು ಲೇಸು.

ಐಟಿಯವರ ಜಾಬ್

ಇನ್ನು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಗೆ ಬಂದರೆ, ಅಲ್ಲಿ ಜಾಬ್ ಎಂದರೆ ಮೊದಲಿಗೆ ನೌಕರಿ. ಆದರೆ ಕಂಪ್ಯೂಟರಿಗೂ ಅದರದೇ ಜಾಬ್ ಉಂಟು. ಬ್ಯಾಂಕಿನ ದಿನದ ಲೆಕ್ಕವನ್ನು ರಾತ್ರಿ ಒಟ್ಟಾಗಿ ಮುಗಿಸುವಂಥ ಸ್ವಯಂಚಾಲಿತ ಕಾರ್ಯಸರಣಿಗೆ ‘ಬ್ಯಾಚ್ ಜಾಬ್’ ಎನ್ನುತ್ತಾರೆ. ‘ರಾತ್ರಿ ಜಾಬ್ ಫೇಲ್ ಆಯಿತು’ ಎಂದು ಮಗ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡ ತಾಯಿ ಗಾಬರಿಯಾದರೆ ತಪ್ಪು ಆಕೆಯದಲ್ಲ.

ಕನ್ನಡದಲ್ಲಿ ಏನನ್ನೋಣ?

ಒಂದೇ ಜಾಬ್‌ಗೆ ಕನ್ನಡ ಹತ್ತು ಪದ ಕೊಡುತ್ತದೆ. ಸಂಬಳಕ್ಕಾದರೆ ನೌಕರಿ, ಸ್ಥಾನಕ್ಕಾದರೆ ಹುದ್ದೆ, ಕೈಕಲೆಗಾದರೆ ಕಸುಬು, ಜೀವನೋಪಾಯಕ್ಕಾದರೆ ವೃತ್ತಿ, ರಸ್ತೆ ಸೇತುವೆಗಳಿಗಾದರೆ ಕಾಮಗಾರಿ, ದಿನದ ದುಡಿಮೆಗಾದರೆ ಕೂಲಿ, ಬೇಸರದಿಂದ ಆಡುವಾಗ ಚಾಕರಿ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಪೂಜೆಯ ಘನತೆ ತಂದುಕೊಟ್ಟ ‘ಕಾಯಕ’ ಎಂಬ ಪದಕ್ಕಂತೂ ಇಂಗ್ಲಿಷಿನ ಜಾಬ್ ಎಂದಿಗೂ ಸಾಟಿಯಾಗದು. ‘ಗುಡ್ ಜಾಬ್’ ಎನ್ನುವ ಕಡೆ ನಮ್ಮಲ್ಲಿ ಭೇಷ್, ಶಹಬ್ಬಾಸ್ ಇವೆ. ‘ಇನ್‌ಸೈಡ್ ಜಾಬ್’ ಎಂದರೆ ಒಳಗಿನವರ ಕೈವಾಡ.

ಮರಳಿ ಮೊದಲಿಗೆ

ವಿಚಿತ್ರವೆಂದರೆ, ನೌಕರಿಯ ಅರ್ಥಕ್ಕೆ ಬಡ್ತಿ ಪಡೆದ ಈ ಪದ ಈಗ ಮತ್ತೆ ಬಿಡಿಗೆಲಸದತ್ತ ಹೊರಳುತ್ತಿದೆ. ಆ್ಯಪ್ ಸೂಚಿಸಿದಂತೆ ಊಟದ ಪೊಟ್ಟಣ ತಲುಪಿಸುವ ಯುವಕನಿಗೆ ಒಂದೊಂದು ಸವಾರಿಯೂ ಒಂದೊಂದು ಜಾಬ್. ಜಾನ್ಸನ್ ಬರೆದ ಅರ್ಥ ಅವನಿಗೆ ಚೆನ್ನಾಗಿಯೇ ಒಪ್ಪುತ್ತದೆ. ಇಂಥವರಿಗಾಗಿ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅದರಲ್ಲಿ ಅವಕಾಶವಿದೆ. ತುಂಡು ಕೆಲಸಕ್ಕೂ ನೌಕರಿಯ ಭದ್ರತೆಯ ಒಂದಂಶವನ್ನಾದರೂ ಜೋಡಿಸುವ ಯತ್ನವಿದು.

ಹೀಗಿರುವಾಗ, ಊರಿಂದ ಬಂದ ತರುಣನಿಗೆ ಯಾರಾದರೂ ‘ಬೆಂಗಳೂರಿನಲ್ಲಿ ಜಾಬ್ ಕೊಡಿಸುತ್ತೇನೆ’ ಎಂದರೆ ಆತ ಕೇಳಬೇಕಾದ ಪ್ರಶ್ನೆ ಒಂದಿದೆ: ಅದು ತಿಂಗಳ ನೌಕರಿಯೋ, ಗುತ್ತಿಗೆಯೋ, ತುಂಡಿನ ಲೆಕ್ಕದ ಕೆಲಸವೋ? ಉತ್ತರವನ್ನು ಕನ್ನಡದಲ್ಲೇ, ಕಾಗದದ ಮೇಲೆ ಬರೆಸಿಕೊಳ್ಳುವುದು ಕ್ಷೇಮ.