ಹೊರಾಂಗಣ ಟ್ರ್ಯಾಕ್ ದೀಪವ್ಯವಸ್ಥೆ

ಹೊರಾಂಗಣ ಟ್ರ್ಯಾಕ್ ದೀಪವ್ಯವಸ್ಥೆ ಎಂದರೆ ಮನೆಯ ಸೂರು, ಜಗಲಿ, ಪೋರ್ಟಿಕೊ ಮೊದಲಾದೆಡೆ ಉದ್ದನೆಯ ಲೋಹದ ಪಟ್ಟಿಯೊಂದನ್ನು ಬಿಗಿದು, ಅದರಲ್ಲಿ ಬೇಕಾದ ಸ್ಥಳಗಳಲ್ಲಿ ದೀಪಗಳನ್ನು ಜೋಡಿಸುವ ವಿಧಾನ. ಈ ಪಟ್ಟಿಯನ್ನು ‘ಟ್ರ್ಯಾಕ್’ ಎನ್ನುತ್ತಾರೆ. ಸಾಮಾನ್ಯವಾಗಿ ಅಲ್ಯೂಮಿನಿಯಂನಿಂದ ಮಾಡಿದ ಇದರ ಒಳಗೆ ವಿದ್ಯುತ್ ವಾಹಕಗಳು ಉದ್ದಕ್ಕೂ ಸಾಗುತ್ತವೆ. ದೀಪದ ಬುಡವನ್ನು ಸೀಳಿನೊಳಗೆ ಕೂರಿಸಿದರೆ ಸಂಪರ್ಕ ಏರ್ಪಡುತ್ತದೆ. ಹೊಸ ತಂತಿ ಎಳೆಯದೆಯೇ ದೀಪಗಳನ್ನು ಸರಿಸಬಹುದು, ಹೆಚ್ಚಿಸಬಹುದು, ಬೇಕಾದತ್ತ ತಿರುಗಿಸಬಹುದು. ಈ ಅನುಕೂಲವನ್ನು ಒದಗಿಸುವ ತೆರೆದ ಸೀಳೇ ಹೊರಾಂಗಣದಲ್ಲಿ ಇದರ ದೌರ್ಬಲ್ಯವೂ ಹೌದು. ನೀರು, ಧೂಳು, ಕೀಟಗಳು ಒಳಸೇರುವ ದಾರಿ ಅದೇ.

ಆಯ್ಕೆ

ಒಳಾಂಗಣಕ್ಕೆಂದು ತಯಾರಾದ ಟ್ರ್ಯಾಕನ್ನು ಹೊರಗೆ ಬಳಸಕೂಡದು. ಉಪಕರಣದ ಮೇಲೆ ನಮೂದಿಸಿರುವ ‘ಐಪಿ’ ಸಂಖ್ಯೆಯ ಮೊದಲ ಅಂಕಿ ಧೂಳಿನಿಂದಲೂ ಎರಡನೆಯದು ನೀರಿನಿಂದಲೂ ದೊರೆಯುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ 20 ಎಂದಿದ್ದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಐಪಿ 44 ಸಿಡಿಯುವ ನೀರನ್ನು ತಡೆದುಕೊಳ್ಳುತ್ತದೆ. ಐಪಿ 65 ಧೂಳನ್ನು ಪೂರ್ಣವಾಗಿ ತಡೆದು, ನೀರಿನ ಧಾರೆಯನ್ನೂ ತಾಳುತ್ತದೆ. ದೀಪದ ಮೇಲಿನ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು; ಟ್ರ್ಯಾಕ್, ಅದರ ಕೀಲುಗಳು, ತುದಿಯ ಮುಚ್ಚಳ ಇವೆಲ್ಲಕ್ಕೂ ಅದೇ ಮಟ್ಟದ ರಕ್ಷಣೆ ಇರಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಗಾಳಿಯೊಡನೆ ಓರೆಯಾಗಿ ಬಡಿಯುವುದರಿಂದ ಸೂರಿನ ಕೆಳಭಾಗವೂ ಒಣಗಿರುತ್ತದೆಂದು ನಂಬುವಂತಿಲ್ಲ.

ವೋಲ್ಟೇಜ್

ಭಾರತದ ಮನೆಗಳಿಗೆ ಪೂರೈಕೆಯಾಗುವುದು 230 ವೋಲ್ಟ್. ಕೈಗೆಟುಕುವ ಎತ್ತರದಲ್ಲಿ ಅದನ್ನು 12 ಅಥವಾ 24 ವೋಲ್ಟ್‌ಗೆ ಇಳಿಸಿ ಬಳಸುವುದು ಲೇಸು. ಆದರೆ ವೋಲ್ಟೇಜ್ ತಗ್ಗಿದಷ್ಟೂ ತಂತಿಯಲ್ಲಿ ನಷ್ಟ ಹೆಚ್ಚು. ಉದಾಹರಣೆಗೆ, 6 ವ್ಯಾಟ್‌ನ 5 ದೀಪಗಳಿಗೆ 12 ವೋಲ್ಟ್‌ನಲ್ಲಿ 2.5 ಆಂಪಿಯರ್ ಹರಿಯುತ್ತದೆ. 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿ 20 ಮೀಟರ್ ದೂರ ಸಾಗಿದರೆ, ಹೋಗಿಬರುವ ದಾರಿಯ ರೋಧ ಸುಮಾರು 0.48 ಓಮ್. ಆಗ 1.2 ವೋಲ್ಟ್, ಅಂದರೆ ಹತ್ತನೆಯ ಒಂದು ಭಾಗ, ದಾರಿಯಲ್ಲೇ ಕಳೆದುಹೋಗುತ್ತದೆ. 24 ವೋಲ್ಟ್‌ನಲ್ಲಿ ಈ ನಷ್ಟ ಶೇಕಡ 2.5 ಮಾತ್ರ.

ಅಳವಡಿಕೆ ಮತ್ತು ಸುರಕ್ಷತೆ

ಯೋಜನೆಯನ್ನು ಅಂದದಿಂದಲ್ಲ, ನೀರು ಹರಿಯುವ ದಾರಿಯಿಂದ ಆರಂಭಿಸಬೇಕು. ಸೀಳು ಕೆಳಮುಖವಾಗಿರುವಂತೆ ಟ್ರ್ಯಾಕನ್ನು ಬಿಗಿಯುವುದು ಕ್ಷೇಮ. ಪೆಟ್ಟಿಗೆಯೊಳಗೆ ಹೋಗುವ ಮುನ್ನ ತಂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆ ಅಪಾಯಕಾರಿ. ಅದು ಅತಿಭಾರ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ದೇಹದ ಮೂಲಕ 1 ಆಂಪಿಯರ್‌ನ ಹತ್ತನೆಯ ಒಂದು ಭಾಗ ಹರಿದರೂ ಪ್ರಾಣ ಹೋಗಬಹುದು. 6 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗದು. ಆದ್ದರಿಂದ ಹೊರಾಂಗಣದ ದೀಪಗಳಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯೂ, 230 ವೋಲ್ಟ್‌ನ ಲೋಹದ ಟ್ರ್ಯಾಕಿಗೆ ಸರಿಯಾದ ಅರ್ಥಿಂಗ್ ಕೂಡ ಅವಶ್ಯ. ಈ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಆರ್‌ಸಿಸಿಬಿಯ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ, ವಿಶೇಷವಾಗಿ ಮಳೆಗಾಲಕ್ಕೆ ಮುನ್ನ, ಒತ್ತಿ ನೋಡುವುದು ಮನೆಯವರೇ ಮಾಡಬಹುದಾದ ಕೆಲಸ.

ಬೆಳಕಿನ ಬಣ್ಣ

2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು ನೀಲಿ ಛಾಯೆಯ ಬಿಳಿ ಬೆಳಕಿಗಿಂತ ಸಾಮಾನ್ಯವಾಗಿ ಕಡಿಮೆ ಕೀಟಗಳನ್ನು ಸೆಳೆಯುತ್ತದೆ. ಕೃತಕ ಬೆಳಕು ಮಿಂಚುಹುಳುಗಳ ಸಂಗಾತಿ ಹುಡುಕಾಟಕ್ಕೆ ಅಡ್ಡಿಯಾಗುವುದರಿಂದ, ಪಶ್ಚಿಮಘಟ್ಟದ ಊರುಗಳಲ್ಲಿ ಮುಂಗಾರಿನ ಆಸುಪಾಸಿನಲ್ಲಿ ತೋಟದತ್ತ ಮುಖಮಾಡಿದ ದೀಪಗಳನ್ನು ಆರಿಸಿಡುವುದು ಒಳ್ಳೆಯದು.